ಬರೀ ಗಂಟೆಯ ಪೂಜೆ

ಶೃಂಗೇರಿ
22-4-2025

ರವಿಶಂಕರರಿಗೆ ಭಾರ್ಗವಿಯ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವ ಹಾಗಿಲ್ಲ. ಅಪ್ಪನ ಬಲಗಣ್ಣಿನ ದೃಷ್ಟಿ ಇನ್ನು ಬರುವುದಿಲ್ಲವೆಂದು ಡಾಕ್ಟರು ನಿನ್ನೆ ಖಚಿತವಾಗಿ ಹೇಳಿದರು. ಮುಂಗೈಗೆ ಸಲಾಕೆ ಹಾಕಿದ್ದಾರೆ. ದವಡೆ ಇನ್ನೂ ಸರಿಯಾಗಿ ಕೂಡಿಲ್ಲ, ಮಾತು ಕಷ್ಟಪಟ್ಟು ಬರುತ್ತದೆ, ಗಂಜಿ ಬಿಟ್ಟರೆ ಏನೂ ಇಳಿಯುವುದಿಲ್ಲ. ಶಿವಮೊಗ್ಗದ ಆಸ್ಪತ್ರೆಯಿಂದ ನೇರ ಇಲ್ಲಿಗೆ, ಅಪ್ಪನ ತಂಗಿ ಕಮಲಕ್ಕನ ಮನೆಗೆ ಕರೆತಂದಿದ್ದೇನೆ. ಕೊಪ್ಪದ ನಮ್ಮ ಮನೆಗೆ ಯಾಕೆ ಬರಲಿಲ್ಲ ಎಂದು ನೀವು ಕೇಳಲಾರಿರಿ.

ನೀವು ಫೋನು ಮಾಡುತ್ತಲೇ ಇದ್ದೀರಿ. ನಾನು ಎತ್ತುತ್ತಿಲ್ಲ. ಫೋನಿನಲ್ಲಿ ನೀವು ಮಾತಾಡುತ್ತೀರಿ, ನಾನು ಹೂಂಗುಟ್ಟುತ್ತೇನೆ. ಮದುವೆಯಾದಂದಿನಿಂದ ಹಾಗೆಯೇ ನಡೆದುಬಂತು. ಕಾಗದದಲ್ಲಿ ನಡುವೆ ಬಾಯಿ ಹಾಕುವವರಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ರಾಜಿ ಮಾಡಿಕೊಳ್ಳಬೇಕೆಂದು ದೇವಸ್ಥಾನದ ಸಮಿತಿಯವರ ಕೈಯಲ್ಲಿ ಹೇಳಿಕಳಿಸಿದ್ದೀರಲ್ಲ, ಅದಕ್ಕೂ ಇದರಲ್ಲೇ ಉತ್ತರವಿದೆ.

ಯುಗಾದಿ ಕಳೆದ ಮೇಲೆ ಮೇಲ್ಕಟ್ಟೆ ದೇವಿಯ ದೇವಸ್ಥಾನದಲ್ಲಿ ನೀವು ಸಮಿತಿಯ ಸಭೆ ಕರೆದಿದ್ದಿರಿ. ಗರ್ಭಗುಡಿಗೂ ಅಂಗಳಕ್ಕೂ ಹೊಸ ಗ್ರಾನೈಟು, ಹೊಸ ಧ್ವಜಸ್ತಂಭ, ಅಂಗಳದ ತುಂಬ ಕ್ಯಾಮೆರಾ. ಪುನಃಪ್ರತಿಷ್ಠೆಯ ಬ್ರಹ್ಮಕಲಶದ ಆಮಂತ್ರಣವನ್ನು ಓದಿ ಹೇಳುತ್ತಿದ್ದಿರಿ. ನಾನು ಹೆಂಗಸರ ಜೊತೆ ಜಗಲಿಯಲ್ಲಿದ್ದೆ. ಇಷ್ಟು ವರ್ಷ ಪೂಜೆ ಮಾಡಿದ ಅಪ್ಪ ಒಳಗಿನಿಂದ ಬಂದು ಗರ್ಭಗುಡಿಯ ಬೀಗದ ಕೈಯನ್ನು ನಿಮ್ಮ ಮುಂದಿನ ಮೇಜಿನ ಮೇಲಿಟ್ಟರು. "ಇದನ್ನ ನೀವೇ ಇಟ್ಕೊಳ್ಳಿ. ನನ್ನ ಕೈಲಿ ಇನ್ನು ಆಗೋದಿಲ್ಲ" ಎಂದರು. ಆರೋಗ್ಯದ ವಿಷಯವಿರಬೇಕೆಂದು ಎಲ್ಲರೂ ತಿಳಿದರು. ನೀವು ನಕ್ಕು, ಸಹಾಯಕ್ಕೆ ಇಬ್ಬರು ಭಟ್ಟರನ್ನು ಕರೆಸೋಣ ಮಾವ ಎಂದಿರಿ.

"ಅದಲ್ಲ ಮಾರಾಯ. ಒಳಗೆ ಅವಳಿದ್ದಾಳೆ ಅಂತ ನಂಗೆ ಅನ್ಸೋದಿಲ್ಲ. ಇದ್ದಾಳೆ ಅಂತ ಅನ್ಸೋನು ಯಾರಾದ್ರೂ ಇದ್ರೆ ಕರೆಸಿ. ನಾನು ಅಡ್ಡ ಬರೋದಿಲ್ಲ."

ಅಷ್ಟೇ ಅವರು ಹೇಳಿದ್ದು. ಯಾರನ್ನೂ ಬೈಯಲಿಲ್ಲ, ದೇವಿಯನ್ನೂ ಬೈಯಲಿಲ್ಲ. ಆದರೆ ಯಾರದೋ ಫೋನು ಅದನ್ನು ಹಿಡಿದಿತ್ತು. ಸಂಜೆಯೊಳಗೆ ಹಿಂದೆ ಮುಂದೆ ಕತ್ತರಿಸಿ, 'ಒಳಗೆ ಅವಳಿಲ್ಲ' ಎಂದು ದಪ್ಪ ಅಕ್ಷರದಲ್ಲಿ ಬರೆದು, ಕೊಪ್ಪದಿಂದ ನರಸಿಂಹರಾಜಪುರದವರೆಗೆ ಎಲ್ಲರ ಮೊಬೈಲಿಗೂ ಬಂತು. ಅದರ ಕೆಳಗೆ ಜನ ಬರೆದದ್ದನ್ನು ನಾನು ಓದಿದೆ. ನಾಲಗೆ ಸೀಳಬೇಕು ಎಂದು ಬರೆದವನು ನಮ್ಮ ವಿವೇಕನ ಜೊತೆ ಪ್ರೈಮರಿ ಸ್ಕೂಲಿಗೆ ಹೋದವನು. ನನ್ನ ಕೈಯಿಂದ ಕೋಡುಬಳೆ ತಿಂದವನು. ಅವನ ಮನೆಯವರು ದೇವಸ್ಥಾನದ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿಯೇ ಇಲ್ಲ.

ಆ ರಾತ್ರಿ ಊಟದ ಹೊತ್ತಿಗೆ ನೀವು ನನ್ನನ್ನು ಹೊಡೆದಿರಿ. ನಿಮ್ಮಪ್ಪನಿಗೆ ಮೊದಲೇ ಹೀಗೆ ಹೇಳುವುದಿತ್ತೆಂದು ನಿನಗೆ ಗೊತ್ತಿತ್ತು, ಬೇಕೆಂದೇ ಮುಚ್ಚಿಟ್ಟೆ ಎಂದಿರಿ. ಗೊತ್ತಿರಲಿಲ್ಲ ಎಂದೆ. ಎರಡನೆಯ ಏಟಿಗೆ ಕೆನ್ನೆಯ ಒಳಗೆ ಹಲ್ಲು ತಾಗಿ ಬಾಯಿಯ ತುಂಬ ರಕ್ತವಾಯಿತು. ನಾನು ಅನ್ನದ ತಟ್ಟೆಗೇ ಉಗುಳಿದೆ. ವಿವೇಕ ಎದುರಿಗೇ ಕೂತಿದ್ದ. ಮಗನೆದುರು ಹೊಡೆಯಬಾರದು ಎಂದು ನಿಮಗನ್ನಿಸಲಿಲ್ಲ. ನಿಮ್ಮನ್ನು ತಡೆಯಬೇಕೆಂದು ಅವನಿಗೂ ಅನ್ನಿಸಲಿಲ್ಲ. "ಅಜ್ಜನಿಂದ ನಂಗೆ ಕಾಲೇಜಿಗೆ ಹೋಗೋಕಾಗ್ತಿಲ್ಲ ಅಮ್ಮ, ಎಲ್ರೂ ಆಡ್ಕೊಳ್ತಾರೆ" ಎಂದಷ್ಟೇ ಹೇಳಿ ಕೈತೊಳೆಯಲು ಎದ್ದ.

ಮರುದಿನ ಅಪ್ಪನ ಮನೆಯ ಹಂಚಿನ ಮೇಲೆ ಕಲ್ಲು ಬಿದ್ದವು. ಬಾಗಿಲಿಗೆ ಸಗಣಿ ಎರಚಿದರು. ಅದನ್ನು ತೊಳೆಯಬಹುದು. ತುಳಸಿಕಟ್ಟೆಯನ್ನು ಹಾರೆ ಹಾಕಿ ಕೆಡವಿದ್ದರು. ಧರ್ಮ ಉಳಿಸಲು ಬಂದವರು ಮೊದಲು ತುಳಸಿಯನ್ನು ಬೇರು ಸಹಿತ ಕಿತ್ತು ಚರಂಡಿಗೆ ಎಸೆದಿದ್ದರು. ನಾನು ಹೋದಾಗ ಅಪ್ಪ ಅದೇ ಗಿಡವನ್ನು ಒಂದು ಬಕೆಟಿನಲ್ಲಿ ನೆಡುತ್ತಿದ್ದರು. ನಂಬಿಕೆ ಇಲ್ಲವೆಂದವರು ಇದನ್ನು ಯಾಕೆ ನೆಡುತ್ತೀರಿ ಎಂದು ಕೇಳಿದೆ. "ಗಿಡ ಅಲ್ವಾ ಕೂಸೆ" ಎಂದರು.

ನಿಜವಾದ ವಿಷಯವನ್ನು ಆವತ್ತು ನನಗೆ ಹೇಳಿದರು. ನಿಮಗೆ ಈಗ ಹೇಳುತ್ತಿದ್ದೇನೆ, ಯಾಕೆಂದರೆ ನೀವು ಕೇಳಲೇ ಇಲ್ಲ. ಕೆಲವು ವರ್ಷದ ಹಿಂದಿನ ಮಳೆಗಾಲ, ಸಂಜೆ ಪೂಜೆಗೆ ಯಾರೂ ಬರುತ್ತಿರಲಿಲ್ಲ. ಒಂದು ದಿನ ಅಪ್ಪ ಧ್ಯಾನಶ್ಲೋಕವನ್ನು ಬಿಟ್ಟರಂತೆ. ಮರೆತದ್ದಲ್ಲ, ಬೇಕೆಂದೇ. ಏನಾದರೂ ಆಗುತ್ತದೆ ಎಂದು ಕಾದರಂತೆ. ಏನೂ ಆಗಲಿಲ್ಲ. ಆಮೇಲೆ ಅರ್ಚನೆಯ ನಾಮಗಳು ಹೋದವು. ಕೊನೆಗೆ ತುಟಿ ಅಲ್ಲಾಡಿಸುವುದು ಮತ್ತು ಗಂಟೆ ಬಾರಿಸುವುದು ಮಾತ್ರ ಉಳಿಯಿತು. ನವರಾತ್ರಿಯಲ್ಲಿ ಜನ ತುಂಬಿದಾಗಲೂ ಅಷ್ಟೇ. ಜನ ಆರತಿಯನ್ನು ವಿಡಿಯೋ ಮಾಡಿಕೊಂಡರು, ಪ್ರಸಾದ ತೆಗೆದುಕೊಂಡರು, ಪೂಜೆ ಚೆನ್ನಾಗಾಯಿತು ಭಟ್ರೆ ಎಂದು ಹೇಳಿ ಹೋದರು. "ಯಾರಾದ್ರೂ ಒಬ್ಬ ಹಿಡಿದಿದ್ರೆ ನಾನು ಮತ್ತೆ ಶುರು ಮಾಡ್ತಿದ್ದೆ ಕೂಸೆ. ಒಬ್ಬನೇ ಒಬ್ಬ, ಭಟ್ರೆ ಎಂತ ನೀವು ಮಂತ್ರ ಹೇಳ್ತಿಲ್ಲ ಅಂತ ಕೇಳಿದ್ರೆ ಸಾಕಿತ್ತು." ಇದನ್ನು ಹೇಳುವಾಗ ಅವರು ಅಳಲಿಲ್ಲ. ನನಗೆ ತಡೆಯಲಾಗಲಿಲ್ಲ. ನಾನೂ ಪ್ರತಿ ಶುಕ್ರವಾರ ಅಲ್ಲಿ ಕೈಮುಗಿದು ನಿಂತವಳೇ. ನಾನೂ ಕೇಳಲಿಲ್ಲ.

ಇನ್ನು ಆ ಭಾನುವಾರದ ವಿಷಯ. ಅಪ್ಪನಿಗೆ ಊಟ ತೆಗೆದುಕೊಂಡು ಬೆಳಗಿನ ಬಸ್ಸಿಗೆ ಹಿರೇಕೊಡಿಗೆಯಲ್ಲಿಳಿದು ಒಳಗಿನ ದಾರಿಯಲ್ಲಿ ನಡೆದು ಬಂದೆ. ನೀವು, ಸಮಿತಿಯ ಕೆಲಸವಿದೆ ಎಂದು ನಸುಕಿನಲ್ಲೇ ಹೋಗಿದ್ದಿರಿ. ದೇವಸ್ಥಾನದ ಕೆಳಗೆ ರಸ್ತೆಯ ಬದಿಗೆ ಬೈಕುಗಳು ನಿಂತಿದ್ದವು. ಶಾಮಿಯಾನದ ಗುಲಾಮ್ ಹುಸೇನ್ ತನ್ನ ಪಿಕಪ್ಪಿನಿಂದ ಕಂಬ ಇಳಿಸುವುದನ್ನು ಬಿಟ್ಟು ಮೇಲೆ ನೋಡುತ್ತಿದ್ದ. "ಅಮ್ಮಾ, ಹೋಗ್ಬೇಡಿ" ಎಂದ. ನಾನು ಮೆಟ್ಟಿಲು ಹತ್ತಿದೆ.

ಅಂಗಳದಲ್ಲಿ ಹುಡುಗರ ಬೆನ್ನುಗಳು ಮಾತ್ರ ಕಂಡವು. ಎಲ್ಲರಿಗೂ ಹೊಸ ಕೇಸರಿ ಶಾಲು, ಎಲ್ಲರ ಕೈಯೂ ಮೇಲೆ, ಕೈಯಲ್ಲಿ ಫೋನು. ಗುಂಪಿನ ನಡುವಿನಿಂದ ಅಪ್ಪನ ದನಿ ಬರುತ್ತಿತ್ತು. ಅವರನ್ನು ಮನೆಯಿಂದ ಕರೆತಂದು, ದೇವಿಯ ಮುಂದೆ ಮೂಗು ತಿಕ್ಕಿ ತಪ್ಪಾಯಿತು ಎನ್ನಬೇಕು, ಎಲ್ಲರೂ ಕೇಳುವ ಹಾಗೆ ಮಂತ್ರ ಹೇಳಬೇಕು ಎಂದು ಹುಡುಗರ ಹಟ. ಅಪ್ಪ ಹೇಳಿದರು. ಕ್ರಮವಾಗಿ, ಸ್ಪಷ್ಟವಾಗಿ. ಚಿಕ್ಕಂದಿನಲ್ಲಿ ಕೇಳಿದ ಅದೇ ದನಿ ಕೇಳಿ ಒಂದು ಕ್ಷಣ ನನಗೆ ಎಲ್ಲ ಸರಿಹೋಯಿತು ಎನ್ನಿಸಿತು. ಆಮೇಲೆ ಅವರು ನಿಲ್ಲಿಸಿ ಕೇಳಿದರು.

"ಈಗ ನಾನು ಹೇಳಿದ್ದು ದೇವಿ ಮಂತ್ರ ಅಲ್ಲ. ಶ್ರಾದ್ಧದಲ್ಲಿ ಹೇಳೋದು. ನಿಮ್ಮಲ್ಲಿ ಯಾರಿಗಾದ್ರೂ ಗೊತ್ತಾಯ್ತಾ?"

ಅಪ್ಪ ದನಿ ಏರಿಸದೆ ಮುಂದುವರಿಸಿದರು. "ನಂಗೆ ನಂಬಿಕೆ ಇಲ್ಲ, ಆದ್ರೆ ಬರ್ತದೆ. ನಿಮಗೆ ನಂಬಿಕೆ ಉಂಟು ಅಂತೀರಿ. ಒಂದು ಗಾಯತ್ರಿ ಹೇಳಿ ನೋಡ್ವ. ಹೇಳು, ನೀನೇ ಹೇಳು." ಯಾರನ್ನು ಕೇಳಿದರೆಂದು ನನಗೆ ಕಾಣಲಿಲ್ಲ. ಯಾರೋ ಶುರು ಮಾಡಿ ನಿಂತದ್ದು, ಹುಡುಗರು ಕಿಸಕ್ಕೆಂದು ನಕ್ಕದ್ದು ಕೇಳಿಸಿತು. ಆಮೇಲಿನ ಶಬ್ದವನ್ನು ನಾನು ಬರೆಯಲಾರೆ. ಕಲ್ಲಿನ ಮೇಲೆ ಹಸಿ ಸೌದೆ ಒಡೆದ ಹಾಗಿತ್ತು. ಮತ್ತೊಮ್ಮೆ. ಮತ್ತೂ ಒಮ್ಮೆ.

ಬೆನ್ನುಗಳನ್ನು ನೂಕಿ ಒಳಗೆ ಹೋದೆ. ಯಾರದೋ ತೋಳು ಕಚ್ಚಿದೆ. ಅಪ್ಪ ನಿಮ್ಮ ಅಂಗಡಿಯಿಂದ ಬಂದ ಹೊಸ ಗ್ರಾನೈಟಿನ ಮೇಲೆ ಬಿದ್ದಿದ್ದರು. ಜನಿವಾರ ಹರಿದು ಒಂದು ಎಳೆ ಕಿವಿಯಲ್ಲಿ ಸಿಕ್ಕಿಕೊಂಡಿತ್ತು. ಹೊಳಪು ಕೊಟ್ಟ ಕಲ್ಲು ರಕ್ತವನ್ನು ಕುಡಿಯುವುದಿಲ್ಲ, ಅದು ಹರಿದು ಹರಿದು ಧ್ವಜಸ್ತಂಭದ ಬುಡಕ್ಕೆ ಹೋಗುತ್ತಿತ್ತು. ನೀವು ಅವರ ಮೇಲೆ ನಿಂತಿದ್ದಿರಿ. ಉತ್ಸವದ ದೀವಟಿಗೆಯ ಕಬ್ಬಿಣದ ಹಿಡಿ ನಿಮ್ಮ ಕೈಯಲ್ಲಿತ್ತು, ಅದರ ತುದಿಯಲ್ಲಿ ಅಪ್ಪನ ಬಿಳಿ ಕೂದಲು ಅಂಟಿತ್ತು.

ಈಡುಗಾಯಿಯ ಕಲ್ಲಿನ ಪಕ್ಕ ಕಾಯಿಗಳ ರಾಶಿ ಇತ್ತು. ಒಂದನ್ನೆತ್ತಿ ನಿಮ್ಮ ಹಣೆಗೆ ಬಡಿದೆ. ನೀವು ಕೈ ಅಡ್ಡ ತರಲಿಲ್ಲ. ಇನ್ನೊಮ್ಮೆ ಬಡಿದೆ. ಸಾಯಲಿ ಎಂದೇ ಬಡಿದದ್ದು, ಅದನ್ನು ಬೇರೆ ಮಾತಿನಲ್ಲಿ ಹೇಳುವುದಿಲ್ಲ. ನೀವು ಮೊಣಕಾಲೂರಿ ಕೂತಿರಿ. ಮುಖದ ತುಂಬ ರಕ್ತ ಇಳಿಯುತ್ತಿದ್ದರೂ ನನ್ನನ್ನು ನೋಡದೆ ಹಿಂದೆ ತಿರುಗಿ, "ವಿವೇಕ, ಬೈಕ್ ತಗೊಂಡು ಹೋಗು, ಈಗ್ಲೇ ಹೋಗು" ಎಂದಿರಿ. ಅವನು ಅಲ್ಲಿದ್ದಾನೆಂದು ನನಗೆ ಆಗಲೇ ಗೊತ್ತಾದದ್ದು. ಅವನ ಮುಖ ಬಿಳಿಚಿಕೊಂಡಿತ್ತು. ಇದನ್ನೆಲ್ಲ ನೋಡಬೇಕಾಯಿತಲ್ಲ ಮಗುವಿಗೆ ಎಂದುಕೊಂಡೆ.

ಅಪ್ಪನನ್ನು ಎತ್ತಲು ಒಬ್ಬನೂ ಬರಲಿಲ್ಲ. ಇಷ್ಟು ಹೊತ್ತು ಮೇಲಿದ್ದ ಫೋನುಗಳೆಲ್ಲ ಜೇಬಿಗಿಳಿದವು. ಗುಲಾಮ್ ಹುಸೇನ್ ಮೆಟ್ಟಿಲು ಹತ್ತಿ ಬಂದು ಅಪ್ಪನನ್ನು ಹೆಗಲ ಮೇಲೆ ಹಾಕಿಕೊಂಡ. ಪಿಕಪ್ಪಿನ ಹಿಂದೆ ಶಾಮಿಯಾನದ ಬಟ್ಟೆಯ ಮೇಲೆ ಮಲಗಿಸಿದೆವು. ಗಾಡಿ ಹೊರಟಾಗ ಹಿಂದಿನಿಂದ ಕಲ್ಲು ಬಿದ್ದು ಬದಿಯ ಗಾಜು ಒಡೆದು ಅವನ ಕುತ್ತಿಗೆಗೆ ಚೂರು ಹೊಕ್ಕಿತು. ಕೊಪ್ಪ ಆಸ್ಪತ್ರೆಯವರೆಗೆ ಅವನು ಒಂದು ಕೈಯಲ್ಲಿ ಕುತ್ತಿಗೆ ಒತ್ತಿ ಹಿಡಿದು ಇನ್ನೊಂದರಲ್ಲಿ ಗಾಡಿ ಓಡಿಸಿದ. ಇಳಿಯುವಾಗ ಹೇಳಿದ, "ನಮ್ಮಲ್ಲೂ ಹೀಗೇ ಅಮ್ಮ. ಬೆಳಗಿನ ನಮಾಜಿಗೆ ಒಂದು ಸಾಲು ತುಂಬಲ್ಲ. ಮೆರವಣಿಗೆ ದಿನ ಕಾಲಿಡೋಕೆ ಜಾಗ ಇರಲ್ಲ."

ಆಮೇಲಿನದು ನಿಮಗೆ ಗೊತ್ತಿದೆ. ಹಣೆಗೆ ಹೊಲಿಗೆ ಹಾಕಿಸಿಕೊಂಡು ನೀವು ಆಸ್ಪತ್ರೆಯ ವರಾಂಡಕ್ಕೆ ಬಂದಿರಿ. ಯಾಕೆ ಎಂದು ಕೇಳಿದೆ. "ಎಲ್ರೆದುರು ಗಾಯತ್ರಿ ಹೇಳು ಅಂದ್ರು. ಸಿಟ್ಟು ಬಂತು. ನಾನೇ ಹೊಡೆದೆ" ಎಂದಿರಿ. ನಾನು ನಂಬಿದೆ. ಮದುವೆಯಾದ ಹೊಸದರಲ್ಲೇ ನಿಮ್ಮ ಜನಿವಾರ ಬಚ್ಚಲುಮನೆಯ ಮೊಳೆಗೆ ನೇತಾಡುತ್ತಿದ್ದುದನ್ನು ಕಂಡವಳು ನಾನು. ಒಮ್ಮೆಯೂ ಸಂಧ್ಯಾವಂದನೆಗೆ ಕೂತವರಲ್ಲ ನೀವು. ಅದಕ್ಕಾಗಿ ನಾನೆಂದೂ ಜಗಳ ಮಾಡಿಲ್ಲ, ಈಗಲೂ ಇಲ್ಲ. ನೀವು ಪೂಜೆ ಬಿಟ್ಟದ್ದಕ್ಕೆ ಯಾರೂ ನಿಮ್ಮ ಕಣ್ಣು ತೆಗೆಯಲಿಲ್ಲ. ಸದ್ದಿಲ್ಲದೆ ಬಿಟ್ಟವರೆಲ್ಲ ಸಮಿತಿಯಲ್ಲಿದ್ದೀರಿ. ಬಿಟ್ಟೆ ಎಂದು ಬಾಯಿಬಿಟ್ಟು ಹೇಳಿದವರ ಗತಿ ಇದು.

ಪೊಲೀಸರು ಕೇಳಿದಾಗ ಅಪ್ಪ, ಹೊಸ ಕಲ್ಲು ಜಾರಿತು, ಬಿದ್ದೆ ಎಂದರು. ಹುಡುಗರು ಯಾರೂ ಏನೂ ನೋಡಿಲ್ಲವಂತೆ. ಅಷ್ಟೊಂದು ಫೋನುಗಳಲ್ಲಿ ಒಂದರಲ್ಲೂ ಏನೂ ಇಲ್ಲವಂತೆ. ಅಂಗಳದ ಕ್ಯಾಮೆರಾಗಳಿಗೆ ಇನ್ನೂ ಕರೆಂಟು ಕೊಟ್ಟಿರಲಿಲ್ಲವಂತೆ. ಅದಕ್ಕೇ ದೂರನ್ನು ನಾನು ಕೊಟ್ಟೆ, ನಿಮ್ಮ ಹೆಸರು ಬರೆಸಿದೆ. ನೀವು ಠಾಣೆಯಲ್ಲಿ ಎಲ್ಲವನ್ನೂ ಒಪ್ಪಿಕೊಂಡಿರಿ, ಈಗ ಜಾಮೀನಿನ ಮೇಲೆ ಹೊರಗಿದ್ದೀರಿ ಎಂದು ತಿಳಿಯಿತು. ಒಪ್ಪಿಕೊಂಡದ್ದಕ್ಕೆ ಮಾತ್ರ ನಿಮ್ಮ ಮೇಲೆ ಒಂದಿಷ್ಟು ಗೌರವ ಉಳಿದಿದೆ.

ಕಮಲಕ್ಕನ ವಿಷಯ ಸ್ವಲ್ಪ ಹೇಳುತ್ತೇನೆ. ಅವರಿಗೆ ದಿನಾ ಬೆಳಿಗ್ಗೆ ತುಂಗೆಯಲ್ಲಿ ಕಾಲು ತೊಳೆದು ಶಾರದೆಯ ದರ್ಶನ ಮಾಡದೆ ಕಾಫಿ ಇಲ್ಲ. ಅಣ್ಣ ಹೀಗೆಂದನಲ್ಲ ಎಂದು ಬೈಯುತ್ತಾರೇನೋ ಎಂದು ನಾನು ಹೆದರುತ್ತಲೇ ಬಂದಿದ್ದೆ. ಬಂದ ದಿನವೇ ಅಪ್ಪ ಹಾಸಿಗೆಯಿಂದ, ನಾನು ನಿನ್ನ ದೇವರಮನೆಯ ಕಡೆಗೆ ಕಾಲು ಹಾಕಿ ಮಲಗಿದ್ದೇನೆ ಕಮಲ, ಹಾಸಿಗೆ ತಿರುಗಿಸು ಎಂದರು. "ಮಲಕ್ಕೋ ಅಣ್ಣಯ್ಯ. ನಿಂಗೆ ಇಲ್ದಿದ್ರೆ ನಂಗೆ ಉಂಟಲ್ಲ. ಒಂದು ಮನೆಗೆ ಅಷ್ಟು ಸಾಕು" ಎಂದು ಗಂಜಿಗೆ ಉಪ್ಪು ಹಾಕಿ ಕಲಸಿದರು. ಇಡೀ ತಾಲೂಕಿನಲ್ಲಿ ಭಕ್ತಿ ಇರುವುದು ಈ ಒಬ್ಬರಿಗೆ ಎಂದು ನನಗನ್ನಿಸಿತು. ಅವರ ಕೈಯಲ್ಲಿ ಮಾತ್ರ ಕೋಲಿಲ್ಲ.

ನನಗೆ ದೇವರಿದ್ದಾನೆಯೇ ಎಂದು ಕೇಳಿದರೆ ಗೊತ್ತಿಲ್ಲ. ಕೊಪ್ಪದ ಮನೆಯಲ್ಲಿ ಒಂದು ಕೈಯಲ್ಲಿ ಫೋನು ನೋಡುತ್ತಲೇ ಇನ್ನೊಂದು ಕೈಯಲ್ಲಿ ದೀಪ ಹಚ್ಚುತ್ತಿದ್ದೆ. ಇಲ್ಲಿ ಕಮಲಕ್ಕ ಹಚ್ಚುತ್ತಾರೆ, ನಾನು ಸುಮ್ಮನೆ ಕೂತಿರುತ್ತೇನೆ. ಅಪ್ಪನ ಕಣ್ಣಿನ ಪಟ್ಟಿ ಬಿಚ್ಚುವಾಗ ಮಾತ್ರ ಯಾರನ್ನೋ ಕರೆಯುತ್ತೇನೆ. ಯಾರನ್ನು ಎಂದು ಕೇಳಬೇಡಿ.

ಅಕ್ಷಯ ತದಿಗೆಗೆ ಬ್ರಹ್ಮಕಲಶ ನಿಲ್ಲುವುದಿಲ್ಲ, ಹೊರಗಿನಿಂದ ಪುರೋಹಿತರು ಬರುತ್ತಾರೆ ಎಂದು ಸಮಿತಿಯವರು ಹೇಳಿದರು. ಆಗಲಿ. ದೂರು ಹಿಂದೆ ತೆಗೆದುಕೊಂಡರೆ ಅಪ್ಪನ ಚಿಕಿತ್ಸೆಯನ್ನೆಲ್ಲ ದೇವಸ್ಥಾನವೇ ನೋಡಿಕೊಳ್ಳುತ್ತದೆ ಎಂದೂ ಹೇಳಿದರು. ಅಪ್ಪ ಗೋಡೆಯ ಕಡೆಗೆ ಮುಖ ತಿರುಗಿಸಿದರು. ನಾನು ಬಾಗಿಲು ತೋರಿಸಿದೆ. ಅದೇ ನಿಮಗೂ ಉತ್ತರ: ರಾಜಿ ಇಲ್ಲ. ನಾನು ಕೊಪ್ಪಕ್ಕೆ ಸಾಕ್ಷಿ ಹೇಳಲು ಬರುತ್ತೇನೆ, ಸಂಸಾರ ಮಾಡಲು ಬರುವುದಿಲ್ಲ.

ಒಂದೇ ಒಂದು ಕೇಳಿಕೆ. ನಮ್ಮ ಮಾಣಿ ವಿವೇಕನನ್ನು ಬಾಳೆಹೊನ್ನೂರಿನ ನಿಮ್ಮ ತಂಗಿಯ ಮನೆಗೆ ಕಳಿಸಿದ್ದು ಒಳ್ಳೆಯದೇ ಆಯಿತು. ಆದರೆ ಅವನು ನನ್ನ ಫೋನನ್ನೂ ಎತ್ತುತ್ತಿಲ್ಲ. ಒಂದು ಸಲ ಇಲ್ಲಿಗೆ ಕಳಿಸಿ. ಅಜ್ಜನ ಪಕ್ಕ ಒಂದು ಗಳಿಗೆ ಕೂತು ಹೋಗಲಿ.

ಇಷ್ಟೇ.

ಭಾರ್ಗವಿ

ಮರುಬರಹ: ಕಾಗದ ಮಡಚುವಷ್ಟರಲ್ಲಿ ಅಪ್ಪ ಕರೆದು, ಎಂತ ಬರೆದೆ, ಓದು ಎಂದರು. ಓದಿದೆ. ನಿಮ್ಮ ಕೈಯಲ್ಲಿ ದೀವಟಿಗೆ ಇತ್ತು ಎಂಬಲ್ಲಿಗೆ ಬಂದಾಗ, ನಿಲ್ಸು ಎಂದರು. "ಹೊಡೆದದ್ದು ಅವ ಅಲ್ಲ ಕೂಸೆ. ಅವ ಕಸ್ಕೊಂಡದ್ದು." ಗಾಯತ್ರಿ ಹೇಳು ಎಂದು ಅವರು ಕೇಳಿದ್ದು ವಿವೇಕನನ್ನಂತೆ. ಮುಂಜಿಯಲ್ಲಿ ಅವನ ಕಿವಿಗೆ ಬಾಯಿಟ್ಟು ಹೇಳಿಕೊಟ್ಟದ್ದು ತಾವೇ, ಇವನಿಗಾದರೂ ಬಂದೀತು, ಗುಂಪಿನೆದುರು ನನ್ನ ಮೊಮ್ಮಗ ಹೇಳಲಿ ಎಂಬ ಆಸೆ ಇತ್ತಂತೆ. ಅವನು 'ಓಂ ಭೂಃ' ಎಂದು ನಿಂತನಂತೆ. ಹುಡುಗರು ನಕ್ಕರಂತೆ. "ನಾನು ಎಲ್ರೆದುರು ಕೇಳ್ಬಾರ್ದಿತ್ತು. ಮಾಣಿಗೆ ಅವಮಾನ ಆತು. ಯಾರಿಗೂ ಹೇಳ್ಬೇಡ, ಅವನ ಬದುಕು ಹಾಳಾಗ್ತದೆ" ಎಂದು ಒಂದೇ ಕಣ್ಣಿನಲ್ಲಿ ಅತ್ತರು.

ನೀವು ಅವನ ಬದಲು ಜೈಲಿಗೆ ಹೋಗಲು ಹೊರಟಿದ್ದೀರಿ. ನಾನು ಆ ಕಾಯಿಯನ್ನು ಬಡಿದದ್ದು ತಪ್ಪಾದ ಹಣೆಗೆ. ಅದಕ್ಕೆ ಎಲ್ಲಿ ಬೇಕಾದರೂ ಉತ್ತರ ಕೊಡುತ್ತೇನೆ. ಆದರೆ ಹೊಡೆದು ಬಚಾವಾಗಬಹುದೆಂದು ಅವನು ಕಲಿತದ್ದು ನಮ್ಮ ಊಟದ ಮನೆಯಲ್ಲಿ. ಅದನ್ನು ಇನ್ನೊಮ್ಮೆ ಕಲಿಸಲು ನಾನು ಬಿಡುವುದಿಲ್ಲ. ದೂರು ಹಾಗೆಯೇ ಇರುತ್ತದೆ, ಅದರಲ್ಲಿರುವ ಹೆಸರು ಬದಲಾಗುತ್ತದೆ.

ಗುಲಾಮ್ ಹುಸೇನ್ ಅಪ್ಪನನ್ನು ನೋಡಲು ಬಂದಿದ್ದಾನೆ, ಈ ಕಾಗದ ಅವನ ಕೈಯಲ್ಲಿ ಇವತ್ತೇ ನಿಮಗೆ ತಲುಪುತ್ತದೆ. ನಾಳೆ ಮೊದಲ ಬಸ್ಸಿಗೆ ನಾನು ಬಾಳೆಹೊನ್ನೂರಿಗೆ ಹೋಗುತ್ತೇನೆ. ಮಾಣಿಯನ್ನು ಕರೆದುಕೊಂಡು ಕೊಪ್ಪದ ಠಾಣೆಗೆ ಬರುತ್ತೇನೆ. ಅವನ ಒಂದು ಪಕ್ಕ ನಾನು ಕೂತಿರುತ್ತೇನೆ. ಇನ್ನೊಂದು ಪಕ್ಕಕ್ಕೆ ನೀವು ಬನ್ನಿ.